ಮುಂದೆ ಬರೋವ್ರ ದೋಣಿ

ಇನ್ನೆರಡು ವರ್ಷಕ್ಕೆ ಮಾರಿಬಿಡೋ ವಸ್ತುವಿಗೆ, ಅದೂ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ನಾವು ಎಷ್ಟು ನಿಯತ್ತಾಗಿ ಕೆಲಸ ಮಾಡಬೇಕು? ಸಿಯಾಟಲ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರ ಹಳೇ ಹಾಯಿದೋಣಿಯ ದೆಸೆಯಿಂದ ಈ ಪ್ರಶ್ನೆ ತಲೆಗೆ ಹೊಕ್ಕಿತು. ಇನ್ನೂ ಇಳಿದಿಲ್ಲ.

ದೋಣಿ 1970ರ ದಶಕದ್ದು, ಫೈಬರ್‌ಗ್ಲಾಸಿನದು, ಮೂವತ್ತಡಿ ಉದ್ದ. ಡೆಕ್ಕಿನ ಮೇಲೆ ಗಾಳಿ-ಬೆಳಕಿಗೆ ಅಂತ ಮುಚ್ಚಳವಿರುವ ಕಿಂಡಿಗಳಿರ್ತವೆ, ಹ್ಯಾಚ್ ಅಂತಾರೆ. ಅಲ್ಯೂಮಿನಿಯಂ ಚೌಕಟ್ಟು, ಅದರೊಳಗೆ ಅಕ್ರಿಲಿಕ್ ಹಾಳೆ. ವರ್ಷಾನುಗಟ್ಟಲೆ ಬಿಸಿಲು ಕುಡಿದ ಆ ಹಾಳೆ ತುಂಬ ಜೇಡರ ಬಲೆಯಂಥ ಬಿರುಕು, ಸುತ್ತಲಿನ ರಬ್ಬರ್ ಒಣಗಿ ಕಡ್ಡಿ. ಹೊಸ ಹ್ಯಾಚ್ ತರಿಸೋಣ ಅಂದ್ರೆ ಹಳೇ ಅಳತೆಯದು ಸಿಗಲಿಲ್ಲ. ಸಿಕ್ಕಿದ್ದು ಒಂದಿಂಚು ದೊಡ್ಡದು. ಅಂದ್ರೆ ಡೆಕ್ ಕೊಯ್ಯಬೇಕು.

ಕೊಯ್ಯೋದು ದೊಡ್ಡ ವಿಷಯ ಅಲ್ಲ. ತೊಂದರೆ ಇರೋದು ಡೆಕ್ಕಿನ ಹೊಟ್ಟೆಯೊಳಗೆ. ಆ ಕಾಲದ ಬಹಳಷ್ಟು ದೋಣಿಗಳ ಡೆಕ್ ಸ್ಯಾಂಡ್‌ವಿಚ್ ಥರ. ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಮರ. ಹಗುರ, ಗಟ್ಟಿ. ಆದ್ರೆ ಒಂದು ಸ್ಕ್ರೂ ತೂತಿನಿಂದ ನೀರು ಇಳಿಯುತ್ತಾ ಬಂದರೂ ಸಾಕು, ಬಾಲ್ಸಾ ನೆನೆದು ಕೊಳೆಯತ್ತೆ. ಮೇಲೆ ಏನೂ ಕಾಣಲ್ಲ. ವರ್ಷಗಳಾದ ಮೇಲೆ ಕಾಲಿಟ್ಟ ಕಡೆ ಮೆತ್ತಗಾಗತ್ತೆ, ಸುತ್ತಿಗೆ ಹಿಡಿಯಿಂದ ತಟ್ಟಿದರೆ ಟಣ್ ಅನ್ನೋ ಬದಲು ದಬ್ ಅನ್ನತ್ತೆ. ಅಷ್ಟೊತ್ತಿಗೆ ಕೊಯ್ದವರು ದೋಣಿ ಮಾರಿ ಎಲ್ಲೋ ಆರಾಮಾಗಿರ್ತಾರೆ.

ಸರಿಯಾದ ದಾರಿ ಇದೆ. ಕೊಯ್ದ ಅಂಚಿನ ಸುತ್ತ ಬಾಲ್ಸಾವನ್ನು ಅರ್ಧ-ಮುಕ್ಕಾಲಿಂಚು ಕೆರೆದು ತೆಗೆದು, ಆ ಸಂದಿಗೆ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ ತುಂಬಬೇಕು. ಸ್ಕ್ರೂ ತೂತುಗಳನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೇ ಮತ್ತೆ ಕೊರೀಬೇಕು. ಎರಡು ವಾರಾಂತ್ಯದ ಕೆಲಸ. ಸಿಲಿಕೋನ್ ಮೆತ್ತಿ ಕೂರಿಸಿಬಿಟ್ಟರೆ ಒಂದು ಮಧ್ಯಾಹ್ನ. ಕೂರಿಸಿದ ಮೇಲೆ ಎರಡೂ ನೋಡೋಕೆ ಒಂದೇ.

"ಸಿಲಿಕೋನ್ ಎರಡು ವರ್ಷ ತಡೆಯತ್ತೆ. ಅಷ್ಟರಲ್ಲಿ ಮಾರಿರ್ತೀನಿ. ಕೊಳ್ಳೋರು ಈ ಕೆಲಸಕ್ಕೆ ಅಂತ ಒಂದು ಡಾಲರೂ ಜಾಸ್ತಿ ಕೊಡಲ್ಲ" ಅಂದರು ಅವರು. ಇದನ್ನ ಸೋಮಾರಿತನ ಅಂತ ತಳ್ಳಿಹಾಕೋ ಹಾಗಿಲ್ಲ. ಹಳೇ ದೋಣಿಯಲ್ಲಿ ಎಲ್ಲವನ್ನೂ ಸರಿಮಾಡ್ತೀನಿ ಅಂತ ಹೊರಟವರು ಹಾಯಿ ಬಿಚ್ಚೋದೇ ಇಲ್ಲ. ಆಯುಷ್ಯಕ್ಕೂ ಒಂದು ಬಜೆಟ್ ಇದೆ.

ಹಾಗಾದ್ರೆ ತೂತೇ ಬೇಡ ಅನ್ನೋಣವೇ? ನಮ್ಮೂರ ಮನೆಗಳಲ್ಲಿ ಅಡಿಗೆಮನೆಗೆ ಬೆಳಕು ಬೇಕಂದ್ರೆ ಮಾಡಿನ ಒಂದು ಹೆಂಚು ತೆಗೆದು ಅದೇ ಅಳತೆಯ ಗಾಜಿನ ಹೆಂಚು ಇಡ್ತಾರೆ. ಏನನ್ನೂ ಕೊಯ್ಯೋದಿಲ್ಲ. ಅಂಥ ದಾರಿ ಇದ್ದಲ್ಲಿ ಅದೇ ಮೇಲು. ಆದ್ರೆ ಇದೇ ದೋಣಿಯಲ್ಲಿ ಮುಂದುಗಡೆ ಮಲಗುವ ಹಲಗೆಯ ಕೆಳಗೆ, ತಳದಿಂದ ಸಮುದ್ರದ ನೀರು ಒಳಬರುವ ಪೈಪಿನ ವಾಲ್ವ್ ಇತ್ತು. ಮೇಲಿನ ಹಲಗೆಗೆ ಎಂಟು ಸ್ಕ್ರೂ. ಪೈಪ್ ಒಡೆದು ನೀರು ನುಗ್ಗುವಾಗ ಎಂಟು ಸ್ಕ್ರೂ ಬಿಚ್ಚುತ್ತಾ ಕೂರೋಕಾಗತ್ತಾ? ಅಲ್ಲಿ ಕೊಯ್ದು ಬಾಗಿಲು ಮಾಡದಿರೋದೇ ತಪ್ಪು. ಕೈ ಹೋಗದ ಜಾಗಕ್ಕೆ ಕಣ್ಣೂ ಹೋಗಲ್ಲ, ಕಣ್ಣು ಹೋಗದ ಜಾಗವೇ ಮೊದಲು ಹಾಳಾಗೋದು.

ಬಾಗಿಲು ಮಾಡಿದ ಮೇಲೆ ಅದು ಮುಚ್ಚಿಕೊಂಡೇ ಇರೋ ಹಾಗೂ ನೋಡ್ಕೋಬೇಕು. 1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಿಂದ ಹೊರಟ ಫಾಸ್ಟ್‌ನೆಟ್ ರೇಸಿನಲ್ಲಿ 303 ದೋಣಿಗಳಿದ್ದವು. ಬಿರುಗಾಳಿಗೆ ಸಿಕ್ಕಿ ಸ್ಪರ್ಧೆಯಲ್ಲಿದ್ದ 15 ಜನ ಸತ್ತರು. ಕೆಲವು ದೋಣಿಗಳು ಮಗುಚಿದಾಗ ಕ್ಯಾಬಿನ್ ಬಾಗಿಲಿಗೆ ಅಡ್ಡ ಇಟ್ಟಿದ್ದ ಹಲಗೆಗಳು ಕಳಚಿ ಬಿದ್ದು ನೀರು ಒಳಗೆ ನುಗ್ಗಿತ್ತು. ಅವನ್ನು ಬಿಗಿಯಾಗಿ ಭದ್ರಪಡಿಸಬೇಕು ಅಂತ ಆಮೇಲಿನ ತನಿಖೆ ಹೇಳಿತು.

ಹಳೇ ದೋಣಿ ಅಂದಕೂಡಲೇ ತತ್ತ್ವಶಾಸ್ತ್ರದವರು ಪ್ಲುಟಾರ್ಕ್ ಬರೆದ ಥೀಸಿಯಸ್‌ನ ಹಡಗಿನ ಮಾತೆತ್ತುತ್ತಾರೆ: ಒಂದೊಂದೇ ಹಲಗೆ ಬದಲಾಯಿಸುತ್ತಾ ಹೋದರೆ ಅದು ಅದೇ ಹಡಗಾ, ಬೇರೆಯದಾ? ಒಳ್ಳೇ ಒಗಟು. ಆದ್ರೆ ದೋಣಿ ಕಟ್ಟೆಯಲ್ಲಿ ನಿಂತವರಿಗೆ ಅದಕ್ಕಿಂತ ಹತ್ತಿರದ ಪ್ರಶ್ನೆ ಒಂದಿದೆ. ನಾನು ಬದಲಾಯಿಸಿದ ಹಲಗೆಯಿಂದ ನಾಳೆ ನೆನೆಯೋರು ಯಾರು?

ನನಗೆ ತೋಚಿದ ಉತ್ತರ ಇಷ್ಟು. ಮಾಡದೆ ಬಿಟ್ಟಿದ್ದು ಬೇರೆ, ಮಾಡಿ ಬಚ್ಚಿಟ್ಟಿದ್ದು ಬೇರೆ. ಹಳೇ ಸೋರಿಕೆಯನ್ನ ರಿಪೇರಿ ಮಾಡೋಕೆ ಆಗಲಿಲ್ಲ ಅಂದ್ರೆ ಮಾರುವಾಗ ಹೇಳಿದರಾಯ್ತು, ಬೆಲೆ ಇಳಿಸಿದರಾಯ್ತು. ನಮ್ಮ ಅನುಕೂಲಕ್ಕೆ ನಾವೇ ಕೊಯ್ದ ತೂತಿನ ಮಾತು ಹಾಗಲ್ಲ. ಅದರ ಸುಖ ನಮಗೆ ಬಂದಿದೆ, ಅಂಚು ಕಟ್ಟೋ ಖರ್ಚೂ ನಮ್ಮದೇ. ಅದನ್ನೂ ಹೇಳಿ ಮಾರಬಹುದಲ್ಲ ಅಂತೀರಿ. ನಾವು ಹೇಳಿದ ಮಾತು ಒಬ್ಬರ ಕಿವಿಗೆ ಮುಗಿಯತ್ತೆ. ಅವರು ಮೂರನೆಯವರಿಗೆ ಹೇಳ್ತಾರೋ ಇಲ್ವೋ. ನೀರು ಮಾತ್ರ ದೋಣಿ ಜೊತೆಗೇ ಹೋಗತ್ತೆ.

ನಮ್ಮ ಕೆಲಸದಲ್ಲೂ ಇದೇ ಕತೆ. ಯಾರೋ ಕೆಲಸ ಬಿಟ್ಟು ಹೋಗುವ ಮುಂಚೆ 'ಸದ್ಯಕ್ಕೆ ಇಷ್ಟು' ಅಂತ ಕಾಮೆಂಟ್ ಹಾಕಿ ಬರೆದ ಕೋಡ್, ರಾತ್ರಿ ಎರಡು ಗಂಟೆಗೆ ನನ್ನನ್ನ ಎಬ್ಬಿಸಿದೆ. ಅವರ ಮುಖ ನಾನು ನೋಡಿಲ್ಲ. ಅವರೂ ನನ್ನ ಮುಖ ನೋಡಿರಲಿಲ್ಲ, ಹಾಗಾಗಿಯೇ ಹಾಗೆ ಬರೆಯೋಕಾಯ್ತು.

ದೋಣಿಯ ಹಳೇ ಹ್ಯಾಚ್ ಎತ್ತಿದಾಗ ಅಡಿಯಲ್ಲಿ ಹಿಂದಿನವರು ಮೆತ್ತಿದ ಸಿಲಿಕೋನ್ ಸಿಕ್ಕಿತು. ಅದರ ಪಸೆ ಉಳಿದ ಕಡೆ ಬೇರೇನೂ ಅಂಟಲ್ಲ. ಇಬ್ಬರೂ ಸೇರಿ ಒಂದು ಮಧ್ಯಾಹ್ನ ಪೂರ್ತಿ ಕೆರೆದೆವು. ಇವರು ಆ ಹಿಂದಿನವರಿಗೆ ಬೈಯುತ್ತಾ ಬೈಯುತ್ತಾ ಸುಮ್ಮನಾದರು. ಎಪಾಕ್ಸಿ ಡಬ್ಬಿ ತಂದವರು ಅವರೇ.

ಆ ಎರಡು ವಾರಾಂತ್ಯ ಗಾಳಿ ಚೆನ್ನಾಗಿತ್ತು. ಮಗಳನ್ನ ಕೂರಿಸಿಕೊಂಡು ಹಾಯಿ ಬಿಚ್ಚಬಹುದಿತ್ತು, ಅವಳೂ ಕೇಳಿದ್ದಳು. ಆ ನಷ್ಟವನ್ನ ಗುರುತಿಲ್ಲದ ಯಾರೋ ಒಬ್ಬರ ಒಣ ಹಾಸಿಗೆ ತುಂಬಿಕೊಡತ್ತೆ ಅಂತ ನಾನು ಹೇಳಲಾರೆ. ಕೆಲಸ ಸರಿಯಾಗಿತ್ತು. ಅದಕ್ಕೆ ಬೆಲೆಯೂ ಇತ್ತು.