ಮಗುವಿನ ಬೇನೆಗೆ ತಾಯಿ ಹೊಣೆಯೇ?

ಮನೆಯಲ್ಲಿ ಮಗು ಸೊರಗತೊಡಗಿದರೆ ಎಲ್ಲರೂ ಮೊದಲು ನೋಡುವುದು ತಾಯಿಯ ಮುಖವನ್ನು. ಎದೆಹಾಲು ಬೇಗ ಬಿಡಿಸಿದಳೇ? ಹೊತ್ತಿಗೆ ಮೊದಲೇ ಗೋಧಿ ಸಜ್ಜಕ ತಿನ್ನಿಸಿದಳೇ? ಹೀಗೆ ಕೇಳುವವರಿಗೆ ಮಗುವಿನ ಮೇಲೆ ಕಾಳಜಿಯಿಲ್ಲವೆಂದಲ್ಲ. ಆದರೆ ಕಾರಣ ಹುಡುಕುವುದು ಬೇರೆ, ಅಪರಾಧಿಯನ್ನು ಹುಡುಕುವುದು ಬೇರೆ. ಸೀಲಿಯಾಕ್ ಎಂಬ ಕಾಯಿಲೆ ಈ ಪಾಠವನ್ನು ನಮಗೆ ಚೆನ್ನಾಗಿ ಕಲಿಸುತ್ತದೆ.

ಗೋಧಿ, ಬಾರ್ಲಿಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿದೆ. ಕೆಲವು ಮಕ್ಕಳು ಅದನ್ನು ತಿಂದಾಗ ದೇಹದ ರಕ್ಷಣಾ ಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಆಗ ಬೇಧಿ, ಹೊಟ್ಟೆಯುಬ್ಬರ, ರಕ್ತಹೀನತೆ ಕಾಣಿಸಿಕೊಳ್ಳುತ್ತವೆ. ತೂಕವೂ ಎತ್ತರವೂ ಏರುವುದಿಲ್ಲ.

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಿಂದ ಸವದತ್ತಿ, ಬೈಲಹೊಂಗಲದವರೆಗೆ ನಮ್ಮದು ಜೋಳದ ರೊಟ್ಟಿಯ ನಾಡು. ಜೋಳದಲ್ಲಿ ಈ ಕಾಯಿಲೆ ತರುವ ಅಂಶವಿಲ್ಲ. 2016ರಲ್ಲಿ ಪ್ರಕಟವಾದ ಭಾರತೀಯ ಸಮೀಕ್ಷೆಯೊಂದರಲ್ಲಿ ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ಉತ್ತರದಲ್ಲೂ ದಕ್ಷಿಣದಲ್ಲೂ ಸುಮಾರು ಮೂರರಲ್ಲೊಬ್ಬರಿಗೆ ಕಂಡುಬಂದವು. ಆದರೆ ರಕ್ತದಲ್ಲಿ ಕಾಯಿಲೆಯ ಗುರುತು ಉತ್ತರದಲ್ಲಿ ಶೇಕಡಾ 1.23, ದಕ್ಷಿಣದಲ್ಲಿ 0.10 ಮಾತ್ರ. ಗೋಧಿಯ ಬಳಕೆ ಅಲ್ಲಿ ದಿನಕ್ಕೆ 455 ಗ್ರಾಂ, ಇಲ್ಲಿ 25 ಗ್ರಾಂ. ನಮ್ಮಲ್ಲಿ ಕಾಯಿಲೆ ಅಪರೂಪ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ.

ಹಾಗಾದರೆ ಎಳವೆಯಲ್ಲಿ ಏನು ತಪ್ಪುತ್ತದೆ? ಸ್ವೀಡನ್ ದೇಶದಲ್ಲಿ 1984ರಿಂದ 1996ರವರೆಗೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಕಾಯಿಲೆ ಸುಮಾರು ನಾಲ್ಕು ಪಟ್ಟು ಏರಿತು. ಗೋಧಿ ಕೊಡಲು ತೊಡಗಿದ ಸಮಯ, ಅದರ ಪ್ರಮಾಣ, ಎದೆಹಾಲು ಇವೇ ಕಾರಣವೆಂದು ತಜ್ಞರು ಬಗೆದರು. ಆದರೆ 2014ರಲ್ಲಿ ಯುರೋಪಿನ ಎರಡು ದೊಡ್ಡ ಅಧ್ಯಯನಗಳು ಬೇರೆ ಮಾತು ಹೇಳಿದವು: ಬೇಗ ಕೊಟ್ಟರೂ ತಡಮಾಡಿದರೂ ಕಾಯಿಲೆ ತಪ್ಪಲಿಲ್ಲ, ಎದೆಹಾಲೂ ಅದನ್ನು ತಡೆದಂತೆ ಕಾಣಲಿಲ್ಲ. ಎದೆಹಾಲಿನ ಬೇರೆ ಉಪಕಾರಗಳು ಹಾಗೆಯೇ ಇವೆ. 2019ರಲ್ಲಿ, ವಂಶವಾಹಿಯ ಅಪಾಯವಿರುವ ಮಕ್ಕಳು ಮೊದಲ ಐದು ವರ್ಷಗಳಲ್ಲಿ ಹೆಚ್ಚು ಗ್ಲುಟೆನ್ ತಿಂದಷ್ಟೂ ಅಪಾಯವೂ ಹೆಚ್ಚಿರುವುದು ಕಂಡುಬಂತು.

ಅಂದಮೇಲೆ ಹಸಿದ ಕೂಸಿಗೆ ಚಪಾತಿ ಮುರಿದು ಕೊಟ್ಟವಳು ತಪ್ಪಿತಸ್ಥಳೇ? ಮಗುವಿನ ವಂಶವಾಹಿ ಅವಳಿಗೆ ಗೊತ್ತಿರಲಿಲ್ಲ. ಪಂಡಿತರೇ ಅಭಿಪ್ರಾಯ ಬದಲಿಸಿದ ವಿಷಯದಲ್ಲಿ ಅವಳೊಬ್ಬಳು ಸರಿಯಾಗಿ ತಿಳಿದಿರಬೇಕಿತ್ತೆನ್ನುವುದು ಯಾವ ನ್ಯಾಯ? ತಿಳಿದು, ಮನಸ್ಸೊಪ್ಪಿ ಮಾಡಿದ ಕೆಡುಕಿಗೆ ಮಾತ್ರ ಪಾಪದ ಹೊರೆಯೆಂದು ಧರ್ಮಸಭೆ ಬೋಧಿಸುತ್ತದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪವೆಂದು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ಬದಿಗಿರಿಸಿದರು. ಬಳಿಕ ಅವನ ಕಣ್ಣಿಗೆ ಬೆಳಕು ಕೊಟ್ಟರು.

ತಿಳಿಯದೆ ನಡೆದುದಕ್ಕೆ ಅಪರಾಧವಿಲ್ಲ. ಆದರೆ ತಿಳಿದ ಮೇಲೆ ಕರ್ತವ್ಯವಿದೆ. ಅದು ತಾಯಿಯೊಬ್ಬಳದಲ್ಲ, ಇಡೀ ಮನೆಯದು. ಸಂಶಯವಿದ್ದರೆ ಗೋಧಿ ನಿಲ್ಲಿಸುವ ಮುನ್ನವೇ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ನಿಲ್ಲಿಸಿದರೆ ಕಾಯಿಲೆ ಪರೀಕ್ಷೆಗೆ ಸಿಗದೆ ಹೋಗಬಹುದು. ಕಾಯಿಲೆ ಖಚಿತವಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು, ಮಗುವಿಗೆ ಜೀವನಪೂರ್ತಿ ಗೋಧಿ ಬಿಡಿಸಬೇಕು. ಗಿರಣಿಯಲ್ಲಿ ಗೋಧಿಯ ಬೆನ್ನಿಗೇ ಜೋಳ ಬೀಸಿದರೆ ಹಿಟ್ಟು ಬೆರೆಯುತ್ತದೆ. ಅಂಗಡಿಯ ಹಿಂಗಿನಲ್ಲೂ ಗೋಧಿಹಿಟ್ಟು ಇರುವುದುಂಟು. ಹಬ್ಬದಲ್ಲಿ ಮಗುವೊಂದೇ ಹುಗ್ಗಿ, ಹೋಳಿಗೆಗಳನ್ನು ನೋಡುತ್ತ ಕೂರದಂತೆ ಎಲ್ಲರಿಗೂ ಅಕ್ಕಿಯ ಪಾಯಸ ಮಾಡಬಹುದಲ್ಲವೇ?

ಪರಮಪ್ರಸಾದದ ರೊಟ್ಟಿಯೂ ಗೋಧಿಯದೇ. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಲ್ಲದು. ಆದರೆ ಅತ್ಯಲ್ಪ ಗ್ಲುಟೆನ್ ಇರುವ ರೊಟ್ಟಿಯನ್ನು ಅಥವಾ ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದೆಂದು ರೋಮ್ 2003ರಲ್ಲಿ ತಿಳಿಸಿ, 2017ರಲ್ಲಿ ಪುನಃ ನೆನಪಿಸಿದೆ. ಪ್ರಥಮ ಪರಮಪ್ರಸಾದಕ್ಕೆ ಮುನ್ನ ವೈದ್ಯರ ಸಲಹೆ ಪಡೆದು ಗುರುಗಳೊಡನೆ ಮಾತಾಡಿದರೆ ಸಾಕು.

ಪ್ರಿಯ ಓದುಗರೇ, ಅಂಥ ಮಗುವಿನ ತಾಯಿ ನಿಮ್ಮ ನೆರೆಯಲ್ಲಿದ್ದರೆ ಅವಳು ಏನು ತಿನ್ನಿಸಿದಳೆಂದು ಕೇಳಬೇಡಿ. ಇಂದು ಅವಳ ಮಗುವಿಗೆ ಏನು ಮಾಡಿಕೊಡಲೆಂದು ಕೇಳಿ.