ಬರಹದ ಬುಡದಲ್ಲಿ ಒಂದು ಹೆಸರು

ಮಂಗಳವಾರ, ಶುಕ್ರವಾರ ಕಬ್ಬಾಳಮ್ಮನ ದರ್ಶನಕ್ಕೆ ಜನ ಕಿಕ್ಕಿರಿಯುವ ಊರು ಇದು. ಉಳಿದ ದಿನಗಳಲ್ಲಿ ಬೆಳಗಿನ ಬಸ್ಸಿಗೆ ಯಾರಾದರೂ ಹೊಸಬರು ಇಳಿದರೆ ಎಲ್ಲರ ಕಣ್ಣೂ ಅತ್ತ ಹೊರಳುತ್ತದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಹಿರಿಯರು ಕೈಯಲ್ಲಿನ ಲೋಟ ಕೆಳಗಿಡದೆ ಕೇಳುತ್ತಾರೆ: "ಯಾವೂರಾಯ್ತು ಸಾಮಿ? ಯಾರ ಪೈಕಿ?" ಮಳೆಯ ಮಾತಾಗಲಿ, ರೇಷ್ಮೆ ಗೂಡಿನ ರೇಟಾಗಲಿ, ಕನಕಪುರದ ರಾಜಕೀಯವಾಗಲಿ, ಎಲ್ಲವೂ ಈ ಪ್ರಶ್ನೆಗೆ ಉತ್ತರ ಬಿದ್ದ ಮೇಲೆ. ಅಲ್ಲಿಯವರೆಗೆ ಹೊಸಬನ ಮಾತಿಗೆ ತೂಕವಿಲ್ಲ.

ಒಂದು ಮಾಸಪತ್ರಿಕೆಗೆ ಲೇಖನ ಕಳಿಸಿದ್ದೆ. ಸಂಪಾದಕರು ಫೋನು ಮಾಡಿ, "ಜೊತೆಗೊಂದು ಭಾವಚಿತ್ರ, ನಾಲ್ಕು ಸಾಲು ಪರಿಚಯ ಕಳಿಸಿಬಿಡಿ ಸರ್" ಎಂದರು. ಲೇಖನ ಬರೆಯಲು ಪಡದ ಕಷ್ಟ ಈ ನಾಲ್ಕು ಸಾಲಿಗೆ ಪಡುತ್ತಿದ್ದೇನೆ. ಎದುರಿಗೆ ಬೋಳು ಬಂಡೆಯ ಕಬ್ಬಾಳುದುರ್ಗ. ಮಂಜು ನೆತ್ತಿಯಿಂದ ಇನ್ನೂ ಪೂರ್ತಿ ಇಳಿದಿಲ್ಲ. ಟೀ ಅಂಗಡಿಯವರು ಕೇಳುವುದೂ ಸಂಪಾದಕರು ಕೇಳುವುದೂ ಒಂದೇ ಪ್ರಶ್ನೆ ತಾನೆ ಎಂದು ಯೋಚನೆ ಹತ್ತಿತು.

ಒಂದು ಕಡೆಯಿಂದ ನೋಡಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಇವನಾಡಿದ ಮಾತು ಸುಳ್ಳಾದರೆ ನಾಳೆ ಯಾರ ಮನೆ ಬಾಗಿಲಿಗೆ ಹೋಗಿ ಕೇಳಬೇಕು ಎಂಬುದು ತಿಳಿದಿರಬೇಕಲ್ಲ. ಹೊಣೆ ಹೊರುವವನು ಒಬ್ಬನಿದ್ದಾನೆ ಎನ್ನುವುದೇ ಮಾತಿಗೆ ಬಲ. ಇನ್ನೊಂದು ಕಡೆಯಿಂದ ನೋಡಿದರೆ "ಯಾರ ಪೈಕಿ" ಎನ್ನುವುದು ಜಾತಿ ಕೇಳುವ ಬಗೆಯೂ ಹೌದು. ಉತ್ತರ ಬರುತ್ತಿದ್ದ ಹಾಗೇ ಕೆಲವರ ಕಿವಿ ಅರಳುತ್ತದೆ, ಕೆಲವರ ಕಿವಿ ಮುಚ್ಚಿಕೊಳ್ಳುತ್ತದೆ. ಬರಹಗಾರನ ಪರಿಚಯಕ್ಕೂ ಈ ಎರಡು ಗುಣ ಅಂಟಿಕೊಂಡೇ ಬಂದಿವೆ.

ಕನ್ನಡದಲ್ಲಿ ತನ್ನ ಪರಿಚಯವನ್ನು ತಾನೇ ಧಾರಾಳವಾಗಿ ಬರೆದುಕೊಂಡವನೆಂದರೆ ಪಂಪ. ತನ್ನ ಹಿರಿಯರು ವೆಂಗಿಮಂಡಲದವರು, ತಂದೆ ಭೀಮಪಯ್ಯ, ಆಶ್ರಯ ಕೊಟ್ಟವನು ಅರಿಕೇಸರಿ, ಬಳುವಳಿಯಾಗಿ ಸಿಕ್ಕಿದ ಅಗ್ರಹಾರ ಧರ್ಮಪುರ, ಎಲ್ಲವನ್ನೂ ಹೇಳಿದ್ದಾನೆ. ಒಂದು ಕಾವ್ಯವನ್ನು ಆರು ತಿಂಗಳಲ್ಲಿ, ಇನ್ನೊಂದನ್ನು ಮೂರು ತಿಂಗಳಲ್ಲಿ ಮುಗಿಸಿದೆ ಎನ್ನುವುದನ್ನೂ ಬಿಟ್ಟಿಲ್ಲ. (ಇವತ್ತು ಯಾರಾದರೂ ಹೀಗೆ ಬರೆದುಕೊಂಡರೆ ನಾವು ಸುಮ್ಮನಿರುತ್ತೇವೆಯೆ?) ಅವನು ಬರೆದದ್ದು ಸಾಲದೆಂಬಂತೆ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರಿಕ್ಯಾಲದ ಬಳಿ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಶಾಸನ ಕೆತ್ತಿಸಿ ಮನೆತನದ ವಿವರ ಬರೆಸಿದ. ಸಾವಿರ ವರ್ಷ ದಾಟಿದ ಮೇಲೂ ಆದಿಕವಿಯ ಸಂಸಾರ ನಮಗೆ ಗುರುತಿದೆ.

ಅವನ ನಂತರ ಬಂದ ರನ್ನ ನನಗೆ ಇನ್ನೂ ಹತ್ತಿರದವನು. ತಾನು ಬಳೆಗಾರರ ಮನೆಯವನು ಎಂಬುದನ್ನು ಅವನು ಮುಚ್ಚಿಡಲಿಲ್ಲ. ರಾಜಾಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡವನು ಮುಧೋಳದ ಬಳೆಯ ಮಲಾರವನ್ನು ಪರಿಚಯದಿಂದ ತೆಗೆದುಹಾಕಬಹುದಿತ್ತು. ತೆಗೆಯಲಿಲ್ಲ.

ವಚನಕಾರರ ದಾರಿಯೇ ಬೇರೆ. ಅವರ ವಚನದ ಕೊನೆಗೆ ಬರುವುದು ಬಹುಮಟ್ಟಿಗೆ ದೇವರ ಹೆಸರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಹಾಗಿದ್ದರೂ ಅವರನ್ನು ಜನ ನೆನಪಿಟ್ಟುಕೊಂಡದ್ದು ಕಸುಬಿನ ಜೊತೆ ಸೇರಿಸಿ: ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಆಯ್ದಕ್ಕಿ ಮಾರಯ್ಯ. ಹುಟ್ಟಿದ ಇಸವಿ ಗೊತ್ತಿಲ್ಲ, ಮುಖ ಹೇಗಿತ್ತೋ ಗೊತ್ತಿಲ್ಲ, ಕೈ ಏನು ಮಾಡುತ್ತಿತ್ತು ಎಂಬುದು ಮಾತ್ರ ಗೊತ್ತಿದೆ. ಇವರ ನಡುವೆ ಅಂಬಿಗರ ಚೌಡಯ್ಯನದೊಂದು ಠೀವಿ ಬೇರೆ. ಇಷ್ಟದೈವದ ಹೆಸರಿರಬೇಕಾದ ಕಡೆ ತನ್ನ ಹೆಸರನ್ನೇ, ದೋಣಿಯ ಕಸುಬಿನ ಸಮೇತ, ಅಂಕಿತವಾಗಿ ಇಟ್ಟುಕೊಂಡ. ಅವನು ಬೈದದ್ದು ದೊಡ್ಡವರನ್ನು. ಬೈಗುಳಕ್ಕೆ ಉತ್ತರ ಕೇಳುವವರು ಹುಡುಕಿಕೊಂಡು ಎಲ್ಲಿಗೆ ಬರಬೇಕು ಎಂಬುದನ್ನು ಪ್ರತಿ ವಚನದ ತುದಿಯಲ್ಲೂ ಹೇಳಿ ಕಳಿಸಿದ. ಹೊಣೆ ಎಂದರೆ ಅದು.

ಚಿಕ್ಕದೇವರಾಜ ಒಡೆಯರ ಅರಮನೆಯ ಹೊನ್ನಮ್ಮನನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದವಳು ಕಾವ್ಯ ಬರೆದಳು. ಸಂಚಿ ಅವಳ ಹೆಸರಿನ ಹಿಂದೆಯೇ ಉಳಿಯಿತು.

ನಮ್ಮ ಶಾಲೆಗಳು ಈ ಕಸುಬಿನ ವಿಷಯವನ್ನು ಕೈಬಿಟ್ಟಿವೆ. ಹತ್ತನೇ ತರಗತಿಯ ಕನ್ನಡ ಪರೀಕ್ಷೆಗೆ ಓದುವ ಮಕ್ಕಳು ಬೆಳಗಿನ ಜಾವ ಜಗಲಿಯಲ್ಲಿ ಕೂತು ಉರು ಹೊಡೆಯುವುದನ್ನು ಕೇಳಿದ್ದೀರಲ್ಲ: ಸ್ಥಳ, ಕಾಲ, ಕೃತಿ, ಪ್ರಶಸ್ತಿ. ಯಾವ ಕವಿಯಾದರೂ ಈ ನಾಲ್ಕು ಖಾನೆಯೊಳಗೆ ಕೂರಬೇಕು. ಪತ್ರಿಕೆಯ ಪರಿಚಯವೂ ಅದರದೇ ಮರಿ. ಅದರಲ್ಲೂ ಕೊನೆಯ ಖಾನೆ ಬೆಳೆಯುತ್ತಾ ಹೋಗಿ ಉಳಿದ ಮೂರನ್ನು ಗೋಡೆಗೆ ಒತ್ತಿಬಿಟ್ಟಿದೆ. ರೈತರ ಸಾಲದ ಬಗ್ಗೆ ಬರೆದವರ ಪರಿಚಯದಲ್ಲಿ ಐದು ಪ್ರಶಸ್ತಿಗಳ ಹೆಸರಿರುತ್ತದೆ. ಅವರು ಉತ್ತವರೋ, ಬ್ಯಾಂಕಿನಲ್ಲಿ ಸಾಲ ಕೊಟ್ಟವರೋ, ಸಾಲಗಾರರ ಮನೆಯಲ್ಲಿ ಹುಟ್ಟಿದವರೋ ಎನ್ನುವುದು ಇರುವುದಿಲ್ಲ. ಓದುಗನಿಗೆ ಬೇಕಾದದ್ದು ಎರಡನೆಯದು. ಪ್ರಶಸ್ತಿಯಿಂದ ಅವನಿಗೇನು ಉಪಯೋಗವೋ ನನಗೆ ಕಾಣದು.

ಪರಿಚಯ ಹೇಳಿಕೊಂಡರೆ ಕಿವಿ ಮುಚ್ಚಿಕೊಳ್ಳುತ್ತಾರೆ ಎಂಬ ಭಯವೂ ಸುಳ್ಳಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುವ ಮೇಷ್ಟರು. ರಾಮಾಶ್ವಮೇಧವನ್ನು ಬರೆದವನು ತಾನೇ ಎಂದು ಹೇಳಿಕೊಳ್ಳದೆ ಯಾರೋ ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿನ ವಿದ್ವಾಂಸರಿಗೆ ಕಳಿಸಿದರು. ಅವರು ಮೆಚ್ಚಿ ಅಚ್ಚು ಹಾಕಿಸಿದರು. ಡ್ರಿಲ್ ಮೇಷ್ಟರು ಬರೆದದ್ದೆಂದು ಮೊದಲೇ ಗೊತ್ತಾಗಿದ್ದರೆ ಆ ಹಸ್ತಪ್ರತಿಯ ಗತಿ ಏನಾಗುತ್ತಿತ್ತೋ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಅವರು ತೀರಿಕೊಂಡರು. ಮುದ್ದಣ ಎಂಬ ಹೆಸರಿನಲ್ಲಿ ಬರೆದವರು ಅವರೇ ಎಂಬುದು ನಾಡಿಗೆ ತಿಳಿದದ್ದು ಅವರು ಹೋಗಿ ಎಷ್ಟೋ ವರ್ಷಗಳ ಮೇಲೆ. ಅವರ ಬಾಳಿನ ಈ ತುಣುಕನ್ನು ನಾವು ಚಮತ್ಕಾರದ ಕತೆಯ ಹಾಗೆ ಹೇಳಿ ನಗುತ್ತೇವೆ. ನನಗೆ ಅದರಲ್ಲಿ ನಗು ಕಾಣುವುದಿಲ್ಲ.

ಇಲ್ಲಿಂದ ಬಹಳ ದೂರವಿಲ್ಲದ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ದಲಿಂಗಯ್ಯ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿದರು. 1975ರಲ್ಲಿ ಬಂದ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದೇ ಹೆಸರಿಟ್ಟರು. ಯಾರ ಪೈಕಿ ಎಂದು ಇನ್ನು ಯಾರೂ ಗುಟ್ಟಾಗಿ ವಿಚಾರಿಸಬೇಕಾಗಿರಲಿಲ್ಲ, ಮುಖಪುಟವೇ ಹೇಳುತ್ತಿತ್ತು. ಆಮೇಲೆ 'ಊರುಕೇರಿ'ಯಲ್ಲಿ ತಮ್ಮ ಬಾಲ್ಯವನ್ನು ನಗುನಗುತ್ತಲೇ ಬರೆದರು. ಕೀಳುಮಾಡಲು ಬಳಸುತ್ತಿದ್ದ ಗುರುತನ್ನೇ ಎತ್ತಿ ಹಿಡಿದು ನಿಂತವರ ಎದುರು ಪ್ರಶ್ನೆ ಕೇಳುವವರ ಬಾಯಿ ಕಟ್ಟಿತು. ಚೌಡಯ್ಯನ ದೋಣಿ ಎಂಟು ನೂರು ವರ್ಷ ಸಾಗಿ ಮಂಚನಬೆಲೆಯ ದಡಕ್ಕೆ ಬಂದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮ ಪರಿಚಯ ನಾವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ಇಲ್ಲವೇ ಯಾರೂ ಹೇಳುವುದಿಲ್ಲ. ಎದುರಿಗಿರುವ ದುರ್ಗ ಮೈಸೂರಿನವರ ಸೆರೆಮನೆಯಾಗಿತ್ತು. 1734ರಲ್ಲಿ ದಳವಾಯಿಗಳು ಏಳನೆಯ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಇಲ್ಲಿಗೇ ಕಳಿಸಿದರು. ಅರಸ ಇಲ್ಲೇ ಕೊನೆಯುಸಿರೆಳೆದ. ಅರಸನಾದ್ದರಿಂದ ಅಷ್ಟಾದರೂ ಉಳಿಯಿತು. ಆ ಬಂಡೆಯ ಮೇಲೆ ಅವನ ಹಿಂದೆ ಮುಂದೆ ಕೊಳೆತವರು, ಅವರಿಗೆ ಕಾವಲು ನಿಂತವರು, ನೀರು ಹೊತ್ತವರು ಯಾರು ಯಾರೋ. ಕವಿಗಳ ವಿಷಯದಲ್ಲಿ ಹಾಗಾಗದಿರಲೆಂದೇ ಆರ್. ನರಸಿಂಹಾಚಾರ್ಯರು ಓಲೆಗರಿ, ಶಾಸನಗಳನ್ನು ಸೋಸಿ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳನ್ನು 1907, 1919, 1929ರಲ್ಲಿ ತಂದರು. ಊರು, ಕಾಲ ಹೇಳದೆ ಹೋದ ಕವಿಗಳ ನಾಲ್ಕು ಸಾಲಿಗಾಗಿ ಒಬ್ಬರ ಆಯುಷ್ಯವೇ ಸವೆಯಿತು.

ಹಾಡುವವರ ಪಾಡು ಇನ್ನೂ ಹಿಂದೆ. ಶಿವರಾತ್ರಿ ಹತ್ತಿರ ಬಂದರೆ ಕನಕಪುರದ ಕಡೆಯಿಂದ ಸಂಗಮದಲ್ಲಿ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ಜನ ನಡೆದು ಹೋಗುತ್ತಾರೆ. ಆ ಮಾದಪ್ಪನ ಕತೆಯನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರ, ದೇವರಗುಡ್ಡರ ಹೆಸರು ಹಾಡು ಕೇಳಿದವರಿಗೂ ನೆನಪಿರುತ್ತಿರಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಲೆ ಮಾದೇಶ್ವರ ಕಾವ್ಯವನ್ನು ಅಚ್ಚು ಹಾಕಿದಾಗ ಅದನ್ನು ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಹೆಸರು ಸಂಪಾದಕರ ಹೆಸರಿನ ಜೊತೆಗೇ ಬಂತು. ಜಾನಪದ ಎಂದರೆ ಜನರೆಲ್ಲರದು, ಯಾರೊಬ್ಬರದೂ ಅಲ್ಲ ಎನ್ನುವ ಮಾತು ಕೇಳಲು ಚೆಂದ. ಹಾಗೆಂದು ಸಂಗ್ರಹಿಸಿದವರು ತಮ್ಮ ಹೆಸರನ್ನು ಮುಖಪುಟದಿಂದ ಬಿಟ್ಟುಕೊಟ್ಟ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಚನ್ನಪಟ್ಟಣದ ಗೊಂಬೆಗೂ ಭೌಗೋಳಿಕ ಗುರುತಿನ ಮುದ್ರೆ ಬಂದಿದೆ. ಊರಿಗೆ ಹೆಸರು, ಹಾಲೆಮರ ಕಡೆದು ಅರಗಿನ ಬಣ್ಣ ಕೂರಿಸಿದ ಕೈಗೆ ಇಲ್ಲ.

ಇನ್ನು ಭಾವಚಿತ್ರ. ಬಸವಣ್ಣ, ಸರ್ವಜ್ಞ, ಕುಮಾರವ್ಯಾಸ ಇವರ ಮುಖವೆಂದು ಗೋಡೆಗೆ ತೂಗುಹಾಕಿದ್ದೆಲ್ಲ ಚಿತ್ರಕಾರರ ಊಹೆ. ಅದರಿಂದ ಅವರ ಮಾತಿಗೆ ನಷ್ಟವಾಗಲಿಲ್ಲ. ಈಗ ಊಹೆ ಇನ್ನೊಂದು ದಿಕ್ಕಿಗೆ ತಿರುಗಿದೆ. 1954ರಿಂದ ನಡೆದುಬಂದ ಅಮೆರಿಕದ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ಹೆಸರಿನಲ್ಲಿ ಬಂದ ಕೆಲವು ಲೇಖನಗಳ ಕರ್ತೃಗಳು ಭೂಮಿಯ ಮೇಲೆ ಇಲ್ಲವೇ ಇಲ್ಲ ಎನ್ನುವುದು 2023ರ ನವೆಂಬರಿನಲ್ಲಿ ಬಯಲಾಯಿತು. ನಗುಮುಖದ ಭಾವಚಿತ್ರವಿತ್ತು, ಅದು ಕಂಪ್ಯೂಟರ್ ಹೆಣೆದ ಮುಖ. ಬಯಲು, ಬೆಟ್ಟ ಸುತ್ತುವುದೆಂದರೆ ಇಷ್ಟ ಎಂಬಂಥ ಪರಿಚಯವೂ ಇತ್ತು. ಹೊರಗಿನ ಕಂಪನಿಯೊಂದು ಕೊಟ್ಟ ಸರಕು ಅದು ಎಂದು ಪತ್ರಿಕೆಯವರು ಕೈತೊಳೆದುಕೊಂಡರು. ಪರಿಚಯದ ಎಲ್ಲ ಲಕ್ಷಣವೂ ಇದ್ದು ಪರಿಚಯವಾಗಬೇಕಾದ ಮನುಷ್ಯನೇ ಇಲ್ಲದಿದ್ದರೆ ಓದುಗ ಜಗಳವಾಡಲು ಎಲ್ಲಿಗೆ ಹೋಗಬೇಕು? ಮುಖ ಕಂಡಿತೆಂದ ಮಾತ್ರಕ್ಕೆ ನಂಬುವ ಕಾಲ ಮುಗಿಯಿತು. ಊರು, ಕೆಲಸ, ಈ ವಿಷಯ ಇವನಿಗೆ ಗೊತ್ತಾದ ಬಗೆ, ಇಷ್ಟಿದ್ದರೆ ವಿಚಾರಿಸಿ ನೋಡಬಹುದು. ಚಿತ್ರವನ್ನು ವಿಚಾರಿಸಲಾಗುವುದಿಲ್ಲ.

ಹಾಗಾದರೆ ಪರಿಚಯ ಬೇಕು, ಆದರೆ ಅದು ಓದುಗನ ಕಿವಿ ಮುಚ್ಚಿಸಬಾರದು. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಅವರ ಕೃತಿಗಳಲ್ಲೇ ಇದೆ. ಪಂಪಭಾರತದಲ್ಲಿ ಕವಿಯ ವಂಶದ ವಿವರ ಬರುವುದು ಕಡೆಯ ಆಶ್ವಾಸದಲ್ಲಿ, ಕುರುಕ್ಷೇತ್ರವೆಲ್ಲ ಮುಗಿದ ಮೇಲೆ. ಅಂಕಿತ ವಚನದ ಕೊನೆಯಲ್ಲಿದೆ. ಶಾಸನ ಕಂಡರಿಸಿದವನ ಹೆಸರು ಅನೇಕ ಸಲ ಕಲ್ಲಿನ ಕೊನೆಯ ಸಾಲಿನಲ್ಲಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು, ಬಿರುದುಗಳನ್ನು ಕೆತ್ತಿಕೊಂಡದ್ದು ವಿಗ್ರಹದ ಪೀಠದಲ್ಲಿ. ತಲೆಯೆತ್ತಿ ಶಿಲ್ಪ ನೋಡಿ ಬೆರಗಾದವನು ಕಣ್ಣಿಳಿಸಿ, ಇದನ್ನು ಮಾಡಿದವನಾರಪ್ಪ ಎಂದು ಹುಡುಕಿದಾಗ ಸಿಗುವಂತೆ. ಮುದ್ದಣನಿಗೂ ನ್ಯಾಯ ಸಿಕ್ಕಿದ್ದು ಓದು ಮೊದಲಾಗಿ ಹೆಸರು ಆಮೇಲೆ ಬಂದದ್ದರಿಂದ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲೂ ರೀಲರುಗಳು ಮೊದಲು ಗೂಡನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಯಾವೂರ ಬೆಳೆ ಎಂದು ಕೇಳುವುದು ಅದಾದ ಮೇಲೆ.

ಬಿಸಿಲು ಏರಿ ಬಂಡೆಯ ಮೇಲಿನ ಕಾಲುಹಾದಿ ಕಾಣತೊಡಗುವ ಹೊತ್ತಿಗೆ ನನ್ನ ನಾಲ್ಕು ಸಾಲು ಮುಗಿದಿತ್ತು. ಊರು, ಮಾಡುವ ಕೆಲಸ, ಲೇಖನದ ವಿಷಯಕ್ಕೂ ನನಗೂ ಇರುವ ನಂಟು, ತಪ್ಪು ಕಂಡರೆ ಬರೆಯಬೇಕಾದ ವಿಳಾಸ. ಪಕ್ಕದ ಮನೆಯ ಹುಡುಗ ಹಿತ್ತಲ ಹಿಪ್ಪುನೇರಳೆಯ ಮುಂದೆ ನಿಲ್ಲಿಸಿ ತೆಗೆದ ಚಿತ್ರವನ್ನೂ ಸೇರಿಸಿದೆ. ಇದನ್ನೆಲ್ಲ ಲೇಖನದ ಕೊನೆಗೆ ಹಾಕಲು ಸಾಧ್ಯವೇ ಎಂದು ಸಂಪಾದಕರನ್ನು ಕೇಳಿದೆ.

"ಇಲ್ಲ ಸರ್, ಫೋಟೊ ಮೇಲ್ಗಡೆನೇ ಬರ್ಬೇಕು. ನಮ್ಮ ಪೇಜು ಇರೋದೇ ಹಂಗೆ" ಎಂದರು. ಸ್ವಲ್ಪ ತಡೆದು, "ಪ್ರಶಸ್ತಿ ಯಾವುದೂ ಬರೆದೇ ಇಲ್ವಲ್ಲ, ಮರೆತ್ರಾ?" ಎಂದೂ ಕೇಳಿದರು.