ರಸ್ತೆಯ ನಿಯಮವೂ ವ್ರತದ ನಿಯಮವೂ



ವಾರ್ಷಿಕೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಟ್ರಸ್ಟಿನ ಹಿರಿಯರು ಹೇಳಿದಾಗ ನಾನು ಹಿಂಜರಿದೆನು. ಮೆಟ್ರಿಕ್ ಮುಗಿಸಿ ಮೆಣಸು, ಕಾಫಿ ಬೀಜಗಳ ವ್ಯಾಪಾರಕ್ಕೆ ಇಳಿದವನು ನಾನು; ಶಾಸ್ತ್ರದಲ್ಲಿ ಪರಿಣತನಲ್ಲ. ಆದರೆ ನಲವತ್ತು ವರ್ಷಗಳಿಂದ ಕಲ್ಪೆಟ್ಟದಿಂದ ಘಟ್ಟವಿಳಿದು ಕಲ್ಲಿಕೋಟೆಗೂ, ಕಾಡು ದಾಟಿ ಮೈಸೂರಿಗೂ ಸರಕಿನ ಹಿಂದೆ ಓಡಾಡಿದವನಾದ್ದರಿಂದ ರಸ್ತೆಯ ವಿಷಯವಾಗಿ ಒಂದು ಪ್ರಶ್ನೆ ಬಹುಕಾಲದಿಂದ ಮನಸ್ಸಿನಲ್ಲಿ ಉಳಿದಿದೆ. ಅದನ್ನೇ ಇಲ್ಲಿ ಬಿನ್ನವಿಸುತ್ತೇನೆ.

ರಸ್ತೆಯಲ್ಲಿ ನಿಯಮಗಳು ನೂರಾರು ಇವೆ. ಅವುಗಳಲ್ಲಿ ಕೆಲವನ್ನು ನಾವು ಪಾಲಿಸುತ್ತೇವೆ, ಕೆಲವನ್ನು ಪಾಲಿಸುವುದಿಲ್ಲ. ಯಾವುದಕ್ಕೆ ನಾವು ಕಟ್ಟುಬೀಳುತ್ತೇವೆ, ಏತಕ್ಕಾಗಿ?

ಕೇರಳ ಸರ್ಕಾರವು 2023ರ ಜೂನ್ ತಿಂಗಳಿನಲ್ಲಿ ರಾಜ್ಯದಾದ್ಯಂತ 726 ಕ್ಯಾಮೆರಾಗಳ ಮೂಲಕ ದಂಡ ವಿಧಿಸಲು ತೊಡಗಿತು. ಕೆಲವೇ ದಿನಗಳಲ್ಲಿ ಯಾವ ತಿರುವಿನಲ್ಲಿ ಕ್ಯಾಮೆರಾ ಇದೆ ಎಂಬುದು ನಮ್ಮವರಿಗೆಲ್ಲ ಬಾಯಿಪಾಠವಾಯಿತು. ಅದು ಬರುವ ಮೊದಲು ಬೆಲ್ಟನ್ನು ಎದೆಗೆ ಎಳೆದುಕೊಳ್ಳುವುದು, ದಾಟಿದ ಕೂಡಲೇ ಬಿಡುವುದು. ಹೀಗೆ ಮಾಡುವ ನನ್ನ ಬಂಧುವೊಬ್ಬರು ಸೂರ್ಯಾಸ್ತದ ಬಳಿಕ ಒಂದು ತುತ್ತು ಅನ್ನವನ್ನೂ ಬಾಯಿಗಿಡುವವರಲ್ಲ. ಪರವೂರಿನ ವಸತಿಗೃಹದ ಕೋಣೆಯಲ್ಲಿ ಒಬ್ಬರೇ ಇದ್ದಾಗಲೂ ಇಡುವುದಿಲ್ಲ, ನಾನು ಬಲ್ಲೆ. ಅಲ್ಲಿ ಯಾವ ಕ್ಯಾಮೆರಾ ಇದೆ? ಒಂದೇ ಮನುಷ್ಯನಲ್ಲಿ ಒಂದು ನಿಯಮ ಕತ್ತಲೆಯಲ್ಲಿಯೂ ನಿಲ್ಲುತ್ತದೆ, ಇನ್ನೊಂದು ಹಗಲಿನಲ್ಲಿಯೇ ಜಾರುತ್ತದೆ.

ಒಂದನ್ನು ನಾವಾಗಿ ಸ್ವೀಕರಿಸಿದ್ದೇವೆ, ಇನ್ನೊಂದನ್ನು ಸರ್ಕಾರ ಹೊರಿಸಿದೆ, ಆದ್ದರಿಂದ ಈ ಭೇದ ಎಂದು ಸುಲಭವಾಗಿ ಉತ್ತರ ಹೇಳಬಹುದು. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆನು. ಆದರೆ ನಮ್ಮ ತಾಮರಶ್ಶೇರಿ ಚುರಂ ಈ ಉತ್ತರವನ್ನು ಒಪ್ಪುವುದಿಲ್ಲ.

ದೂರದ ಊರುಗಳಿಂದ ಉತ್ಸವಕ್ಕೆ ಬರುವ ಬಂಧುಗಳಿಗಾಗಿ ಹೇಳುತ್ತೇನೆ. ಕೆಳಗಿನ ಅಡಿವಾರಂನಿಂದ ಮೇಲಿನ ಲಕ್ಕಿಡಿಯವರೆಗೆ ಏರುವ ಈ ಘಾಟಿಯಲ್ಲಿ ಹಿಂದಕ್ಕೆ ಮಡಿಸಿದಂತಿರುವ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಉದ್ದದ ಲಾರಿಯೊಂದು ತಿರುಗುವಾಗ ಇಡೀ ರಸ್ತೆಯನ್ನೇ ತುಂಬಿಕೊಳ್ಳುತ್ತದೆ. ಅಲ್ಲಿ ಇಳಿಯುವ ವಾಹನ ನಿಂತು, ಏರುವ ವಾಹನಕ್ಕೆ ದಾರಿ ಬಿಡಬೇಕು. ಭಾರ ಹೊತ್ತು ಏರುವ ಲಾರಿ ಒಮ್ಮೆ ನಿಂತರೆ ಮತ್ತೆ ಹೊರಡುವಾಗ ಹಿಂದಕ್ಕೆ ಉರುಳುವ ಭಯ. ಇಳಿಯುವವನಿಗೆ ನಿಂತು ಹೊರಡುವುದು ಕಷ್ಟವಲ್ಲ. 1989ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರಸ್ತೆ ನಿಯಮಗಳಲ್ಲಿ ಇದನ್ನು ಬರೆದಿಡಲಾಗಿತ್ತು. ಆದರೆ ನನ್ನ ಪರಿಚಯದ ಲಾರಿ ಚಾಲಕರಲ್ಲಿ ಇದು ಪುಸ್ತಕದಲ್ಲಿದೆ ಎಂದು ಬಲ್ಲವರು ಒಬ್ಬರೂ ಇರಲಿಲ್ಲ. ಇದು ಚುರಂನ ಮರ್ಯಾದೆ ಎಂದೇ ಅವರು ತಿಳಿದಿದ್ದರು. ಹೆಲ್ಮೆಟ್ ಧರಿಸದವನು, ಪರವಾನಗಿಯ ಅವಧಿ ಮುಗಿದವನು, ಅಳತೆ ಮೀರಿ ಸರಕು ಹೇರಿದವನು, ಇವರೆಲ್ಲರೂ ಆ ತಿರುವಿನಲ್ಲಿ ನಿಲ್ಲುತ್ತಿದ್ದರು. ದಾಟಿದವನು ಕೈಯೆತ್ತಿ ವಂದಿಸುತ್ತಿದ್ದನು. ಈಚೆಗೆ ರಜಾದಿನಗಳಲ್ಲಿ ಬರುವ ಪ್ರವಾಸಿಗಳ ಕಾರುಗಳು ಈ ಮರ್ಯಾದೆಯನ್ನು ಅರಿಯದೆ ನುಗ್ಗುತ್ತವೆ. ಗಂಟೆಗಟ್ಟಲೆ ದಾರಿ ಕಟ್ಟಿಹೋಗುತ್ತದೆ. ಲಕ್ಕಿಡಿಯಲ್ಲಿ ಸರಪಳಿ ಕಟ್ಟಿದ ಮರವೊಂದಿದೆ. ಆಂಗ್ಲರಿಗೆ ಈ ದಾರಿಯನ್ನು ತೋರಿಸಿದ ಆದಿವಾಸಿ ಕರಿಂತಂಡನ್‌ನನ್ನು, ದಾರಿ ಕಂಡುಹಿಡಿದ ಕೀರ್ತಿ ತನಗೇ ಬರಲೆಂದು ಇಂಜಿನಿಯರನೊಬ್ಬನು ಕೊಲ್ಲಿಸಿದನೆಂದೂ, ಅವನ ಆತ್ಮವನ್ನು ಅಲ್ಲಿ ಬಂಧಿಸಲಾಗಿದೆಯೆಂದೂ ಐತಿಹ್ಯ. ನುಗ್ಗಿ ಬಂದ ಕಾರುಗಳವರೇ ಆ ಮರದೆದುರು ಇಳಿದು ಕೈಮುಗಿಯುವುದನ್ನು ಕಂಡು ನಾನು ನಕ್ಕದ್ದುಂಟು.

ಹಾಗಾದರೆ ಸರ್ಕಾರದ ನಿಯಮವೆಂದು ಬಿಡುವುದೂ ಅಲ್ಲ, ನಮ್ಮದೆಂದು ಹಿಡಿಯುವುದೂ ಅಲ್ಲ. ಆ ತಿರುವಿನಲ್ಲಿ ನಿಲ್ಲದಿದ್ದರೆ ಏನಾಗುವುದೆಂದು ಇಬ್ಬರ ಕಣ್ಣಿಗೂ ಕಾಣುತ್ತದೆ. ಎದುರಿನವನ ಮುಖ ಕಾಣುತ್ತದೆ. ನಾಳೆ ತಾನೂ ಭಾರ ಹೊತ್ತು ಏರಬೇಕಾದವನೇ ಎಂಬುದೂ ನೆನಪಿರುತ್ತದೆ. ಎಲ್ಲಿ ನೋಯುವವನ ಮುಖ ಕಾಣುವುದಿಲ್ಲವೋ, ಎಲ್ಲಿ ಅವನು ತಿರುಗಿ ಕೇಳಲಾರನೋ, ಅಲ್ಲಿ ನಮ್ಮ ನಿಯಮ ಸಡಿಲವಾಗುತ್ತದೆ. ರಾತ್ರಿ ಎದುರಿನಿಂದ ಬರುವ ಸೈಕಲ್ಲಿನವನಿಗಾಗಿ ಹೆಡ್‌ಲೈಟನ್ನು ತಗ್ಗಿಸುವವರು ಎಷ್ಟು ಮಂದಿ? ಲಾರಿಗೆ ತಗ್ಗಿಸುತ್ತೇವೆ, ಅದು ನಮ್ಮ ಮೇಲೆ ಬಂದೀತೆಂಬ ಭಯ.

ಇನ್ನು ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ. ಬಂಡೀಪುರದ ಕಾಡಿನೊಳಗೆ ಹಾದುಹೋಗುವ ಮೈಸೂರು ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಕಾಡುಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದೇ ಕಾರಣ. 2010ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ವಯನಾಡಿನ ನಮಗೆ ಇದರಿಂದಾದ ತೊಂದರೆ ಸಣ್ಣದಲ್ಲ. ಸರಕು ತಡವಾಗುತ್ತದೆ, ಬೆಂಗಳೂರಿನಲ್ಲಿ ಓದುವ ಮಕ್ಕಳು, ಚಿಕಿತ್ಸೆಗೆ ಮೈಸೂರಿಗೆ ಹೋಗುವ ರೋಗಿಗಳು ಗಡಿಯಾರ ನೋಡುತ್ತಲೇ ಪ್ರಯಾಣ ಮಾಡಬೇಕು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕುಳಿತಾಗ ನಾನೂ ಹೋಗಿ ಬಂದೆನು. ಆ ನಿಷೇಧ ಪೂರ್ತಿ ಸರಿಯೆಂದು ಇಂದಿಗೂ ಹೇಳಲಾರೆ. ಆದರೂ ಒಂದು ಮಾತು. ದಿಗ್ವ್ರತ, ದೇಶವ್ರತಗಳೆಂದು ಶ್ರಾವಕನು ತನ್ನ ಓಡಾಟಕ್ಕೆ ತಾನೇ ಎಲ್ಲೆ ಹಾಕಿಕೊಳ್ಳಬೇಕೆಂದು ನಮ್ಮವರು ವಿಧಿಸಿದ್ದಾರೆ. ಆ ಎಲ್ಲೆಯನ್ನು ನಾವು ಹಾಕಿಕೊಳ್ಳಲಿಲ್ಲ. ಅರಣ್ಯದವರು ಅಡ್ಡಗಂಬವಿಟ್ಟು ಹಾಕಿದಾಗ ಸಿಟ್ಟಾದೆವು.

2012ರ ಡಿಸೆಂಬರಿನಲ್ಲಿ ಮೆಣಸಿನ ಬಾಕಿ ಹಣದ ವಸೂಲಿಗೆ ಮೈಸೂರಿಗೆ ಹೋಗಿದ್ದೆನು. ಕೆಲಸ ಮುಗಿದಾಗ ಐದು ಗಂಟೆ. ಸೂರ್ಯಾಸ್ತಕ್ಕೆ ಮುಂಚೆ ಊಟವಾಗಬೇಕೆಂದು ಬಂಧುಗಳ ಮನೆಗೆ ಹೋದೆನು. ಊಟವಾಯಿತು, ಮಾತು ಬೆಳೆಯಿತು. ಹೊರಟಾಗ ಏಳು ಗಂಟೆ ಸಮೀಪಿಸಿತ್ತು. ಗುಂಡ್ಲುಪೇಟೆಯ ಆಚೆ ಇರುವ ಮದ್ದೂರಿನ ತನಿಖಾ ಠಾಣೆಯನ್ನು ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ದಾಟಿದೆವು. ಕಾಡಿನೊಳಗೆ ಬಂದ ಮೇಲೆ ನಮ್ಮ ಚಾಲಕನು ವೇಗವನ್ನು ತಗ್ಗಿಸಿದನು. ಅವನು ಬತ್ತೇರಿಯವನು, ಆ ರಸ್ತೆಯ ಪ್ರತಿಯೊಂದು ಉಬ್ಬನ್ನೂ ಬಲ್ಲವನು. ಒಂಬತ್ತರ ಬಳಿಕ ಕಾಡಿನಲ್ಲಿ ಸಿಕ್ಕಿಕೊಂಡರೆ ಅರಣ್ಯದವರ ಕಿರಿಕಿರಿ ಎಂದು ನಾನು ಹಿಂದಿನ ಆಸನದಿಂದ, "ಸ್ವಲ್ಪ ಬೇಗ ಬಿಡು" ಎಂದೆನು. "ಮುದಲಾಳಿ, ಇದು ಪ್ರಾಣಿಗಳು ದಾಟುವ ಹೊತ್ತು" ಎಂದನು. "ಬಿಡು ಎಂದರೆ ಬಿಡು" ಎಂದೆನು.

ಮೂಲೆಹೊಳೆಗೆ ಸ್ವಲ್ಪ ಮೊದಲು ಜಿಂಕೆಗಳ ಹಿಂಡೊಂದು ರಸ್ತೆಗೆ ಬಂದಿತು. ಅವನು ಬ್ರೇಕನ್ನು ಒತ್ತಿದನು. ದೊಡ್ಡವು ಹಾರಿ ದಾಟಿದವು, ಹಿಂದಿದ್ದ ಮರಿಗೆ ವಾಹನ ತಗುಲಿತು. ಆ ಸದ್ದು ಸಣ್ಣದು. ಅವನು ನಿಲ್ಲಿಸಹೋದಾಗ ಕಾಡಿನಲ್ಲಿ ನಿಲ್ಲಿಸಬಾರದೆಂಬ ನಿಯಮ ನನಗೆ ತಟ್ಟನೆ ನೆನಪಾಯಿತು! ಅದುವರೆಗೆ ಆ ದಿನ ಒಂದು ನಿಯಮವೂ ನೆನಪಾಗಿರಲಿಲ್ಲ. "ಹೋಗು" ಎಂದೆನು. ಮುತ್ತಂಗ ಬರುವವರೆಗೆ ಇಬ್ಬರೂ ಮಾತನಾಡಲಿಲ್ಲ.

ಮನೆಗೆ ಬಂದು, ಇದು ವ್ಯಾಪಾರದ ಓಡಾಟದಲ್ಲಿ ಆದದ್ದು, ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ತಪ್ಪಿದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆನು. ಅವ್ವ ಆಗ ಇನ್ನೂ ಇದ್ದರು. ಚಾಲಕನಿಂದ ಹೀಗಾಯಿತೆಂದು ಅವರಿಗೆ ಹೇಳಿದೆನು. ಅವ್ವ ಜಪದ ಮಣಿಯನ್ನು ಎಣಿಸುತ್ತಲೇ, "ಗಾಡಿ ಅವನದಿರಲಿ ಮಗಾ, ಅವಸರ ಯಾರದು?" ಎಂದರು. ಮತ್ತೇನೂ ಹೇಳಲಿಲ್ಲ.

ಕೃತ, ಕಾರಿತ, ಅನುಮೋದನ ಎಂಬ ಮಾತುಗಳನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಮೂರರಿಂದಲೂ ಕರ್ಮ ಬಂದು ಸೇರುತ್ತದೆ. ಪ್ರಮಾದವೇ ಹಿಂಸೆಯ ಬೇರು ಎಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಎದುರಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವ ಮುನಿಯ ಈರ್ಯಾಸಮಿತಿಯಲ್ಲಿ ಮುಖ್ಯವಾದುದು ಆ ಎಚ್ಚರ. ಎಚ್ಚರದಿಂದ ಓಡಿಸುವಾಗ ಆದ ಅಪಘಾತವಾಗಿದ್ದರೆ ಅದು ಬೇರೆ ಮಾತು. ಇಲ್ಲಿ ಎಚ್ಚರವಿದ್ದವನನ್ನು ನಾನು ಎಚ್ಚರಗೆಡಿಸಿದೆನು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ವ್ಯರ್ಥವಾಗಿ ತಾನು ತಿರುಗುವುದನ್ನು ಮಾತ್ರವಲ್ಲ, ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ವಾಹನವಿಲ್ಲದ ಕಾಲದ ಆ ಆಚಾರ್ಯರಿಗೆ ಹಿಂದಿನ ಆಸನದಲ್ಲಿ ಕುಳಿತವನು ಕಂಡಿದ್ದನೇ ಎಂದು ನನಗೆ ಆಶ್ಚರ್ಯವಾಗುತ್ತದೆ.

ಕಾಯಿದೆಯೂ ಈ ಮಾತಿನಲ್ಲಿ ಹಿಂದೆ ಬಿದ್ದಿಲ್ಲ. ಮೋಟಾರು ವಾಹನ ಕಾಯಿದೆಯ 112ನೆಯ ಕಲಮು ವೇಗದ ಮಿತಿಯನ್ನು ಮೀರಿ ಓಡಿಸುವವನಿಗೆ ಮಾತ್ರವಲ್ಲ, ಓಡಿಸುವಂತೆ ಮಾಡುವವನಿಗೂ, ಓಡಿಸಲು ಬಿಡುವವನಿಗೂ ಅನ್ವಯಿಸುತ್ತದೆ. 2019ರ ತಿದ್ದುಪಡಿಯಂತೆ, ಪ್ರಾಪ್ತ ವಯಸ್ಸಿಗೆ ಬಾರದ ಮಗನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೂ ವಾಹನದ ಒಡೆಯರಿಗೂ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಆದರೂ ಬಸದಿಗೆ ಹಾಲು ತಲುಪಿಸಲು, ಅಂಗಡಿಗೆ ಊಟ ತರಲು ಒಂಬತ್ತನೆಯ ತರಗತಿಯ ಹುಡುಗನ ಕೈಗೆ ಸ್ಕೂಟರನ್ನು ಕೊಡುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ನಾವೇ ಬಲ್ಲೆವು. ನನ್ನ ಮನೆಯೂ ಅವುಗಳಲ್ಲಿ ಒಂದಾಗಿತ್ತು.

ಅವಸರಪಡಿಸುವವರು ಆಸನದಲ್ಲಿಯೇ ಕುಳಿತಿರಬೇಕೆಂದಿಲ್ಲ. "ಎಲ್ಲಿಗೆ ಬಂದಿರಿ? ಅಭಿಷೇಕ ಮುಗಿಯುತ್ತಾ ಬಂತು" ಎಂದು ಮನೆಯಿಂದ ಮೂರು ಬಾರಿ ಫೋನು ಮಾಡುವುದೂ ಚಾಲಕನ ಕಾಲನ್ನು ಒತ್ತಿದಂತೆಯೇ. ಉತ್ಸವದ ದಿನ ನಮ್ಮ ವಾಹನಗಳನ್ನು ಪಕ್ಕದ ಮನೆಯವರ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ, "ದೇವರ ಕಾರ್ಯ, ಒಂದು ದಿನ ತಾನೇ" ಎನ್ನುತ್ತೇವೆ. ಅವರು ಅನ್ಯಧರ್ಮದವರು, ನೆರೆಯ ಮರ್ಯಾದೆಗಾಗಿ ಸುಮ್ಮನಿರುವವರು. ಒಮ್ಮೆ ಅವರ ಮನೆಯ ಮುದುಕಿಯನ್ನು ಆಸ್ಪತ್ರೆಗೆ ಒಯ್ಯಲು ಕಾರು ಹೊರಡಿಸಬೇಕಾದಾಗ ಧ್ವನಿವರ್ಧಕದಲ್ಲಿ ವಾಹನದ ನಂಬರನ್ನು ಕೂಗಿ ಒಡೆಯರನ್ನು ಹುಡುಕಬೇಕಾಯಿತು. ಕಾಲುಗಂಟೆಯ ಬಳಿಕ ಸಿಕ್ಕಿದರು, ಪೂಜೆಗೆ ಕುಳಿತಿದ್ದರು. ಈ ವರ್ಷ ಶಾಲೆಯ ಮೈದಾನದಲ್ಲಿ ವಾಹನಗಳಿಗೆ ಸ್ಥಳ ಕೇಳಿದ್ದೇವೆ. ದೂರವಾಯಿತೆಂದು ಗೊಣಗದೆ ದಯವಿಟ್ಟು ಅಲ್ಲಿಯೇ ನಿಲ್ಲಿಸಬೇಕಾಗಿ ವಿನಂತಿ.

ಆ ಚಾಲಕನು ಮರುವರ್ಷ ನನ್ನಲ್ಲಿಯ ಕೆಲಸ ಬಿಟ್ಟು ಸ್ವಂತ ಟ್ಯಾಕ್ಸಿ ಕೊಂಡನು. ನಾನು ಮೈಸೂರಿಗೆ ಹೋಗುವುದಾದರೆ ಈಗಲೂ ಅವನ ವಾಹನವನ್ನೇ ಕರೆಯುತ್ತೇನೆ. ಸಂಜೆಯ ಊಟವನ್ನು ಮನೆಯಿಂದ ಡಬ್ಬಿಯಲ್ಲಿ ಒಯ್ಯುತ್ತೇನೆ. ಬಿಸಿಲಿರುವಾಗಲೇ ಗುಂಡ್ಲುಪೇಟೆಯ ಬಳಿ ಮರದಡಿ ನಿಲ್ಲಿಸಿ ಊಟ ಮಾಡುತ್ತೇನೆ, ಅವನು ಚಹಾ ಕುಡಿಯುತ್ತಾನೆ. ಕಾಡಿನೊಳಗೆ ಅವನ ವೇಗ ಅವನದು. ನಾನು ಗಡಿಯಾರ ನೋಡುವುದಿಲ್ಲ. ಎಂಟು ಗಂಟೆಯೊಳಗೆ ಠಾಣೆ ದಾಟಲಾಗದೆಂದು ಕಂಡರೆ ಮೈಸೂರಿನಲ್ಲಿಯೇ ತಂಗುತ್ತೇವೆ. ಈ ವರ್ಷಗಳಲ್ಲಿ ಎರಡು ಸಲ ಹಾಗೆ ತಂಗಬೇಕಾಯಿತು. ಎರಡನೆಯ ಸಲ ಮರುದಿನ ಬೆಳಗ್ಗೆ ಕೊಡಬೇಕಾಗಿದ್ದ ಸರಕು ತಪ್ಪಿ ನಷ್ಟವಾಯಿತು. ಅದನ್ನು ಯಾವ ಖಾತೆಗೆ ಬರೆಯಲಿ ಎಂದು ಗುಮಾಸ್ತನು ಕೇಳಿದನು. ಪ್ರಯಾಣದ ವೆಚ್ಚವೆಂದೇ ಬರೆಸಿದೆನು.